ಮಾಜಿ ಸೈನಿಕ, ಸಿಮೆಂಟ್ ಅಂಗಡಿ, ಒಂದು ಜೆಸಿಬಿ: ಪಂಚಾಯ್ತಿಗೆ ನಿಲ್ಲಬಹುದಾ? (ಚರ್ಚೆ; ಸಾಲಿನ ಮೊದಲಲ್ಲಿ ಇರೋದು ಬರೆದವರ ಅಡ್ಡಹೆಸರು)

ಶರಾವತಿ ಹಿನ್ನೀರು: ಹೊಸನಗರ ಕಡೆಯ ಒಂದು ಗ್ರಾಮ ಪಂಚಾಯ್ತಿ. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರೊಬ್ಬರು ಮೆಂಬರ್‌ಗಿರಿಗೆ ನಿಲ್ತಾರಂತೆ. ಸಿಮೆಂಟ್-ಕಬ್ಬಿಣದ ಅಂಗಡಿ ಇದೆ, ಜೆಸಿಬಿ ಬಾಡಿಗೆಗೆ ಓಡುತ್ತೆ. 'ಪೆನ್ಷನ್ ತಗೊಳ್ಳೋರು ನಿಲ್ಲೋ ಹಾಗಿಲ್ಲ' ಅಂತ ಎದುರು ಪಾರ್ಟಿಯವರು ಹಬ್ಬಿಸಿದ್ದಾರೆ. ಹೌದಾ?

ಜಮಾಬಂದಿ: ಪೆನ್ಷನ್ ಅಡ್ಡಿ ಅಲ್ಲ. ಅದು ಮುಗಿದ ಸೇವೆಯ ದುಡ್ಡು, ಈಗಿನ ನೌಕರಿ ಅಲ್ಲ. ರಿಟೈರ್ ಆದ ಮೇಲೆ ಎಲ್ಲಾದರೂ ಸರ್ಕಾರಿ ಸಂಬಳಕ್ಕೆ ಸೇರಿಕೊಂಡಿದ್ರೆ ಆಗ ಬೇರೆ ಮಾತು. ಅವರು ಮೊದಲು ನೋಡಬೇಕಾದ್ದು ಮತದಾರರ ಪಟ್ಟಿ. ಸೇನೆಯಲ್ಲಿದ್ದಾಗ ಹೆಸರು ಸೇವಾ ಮತದಾರರ ಭಾಗದಲ್ಲಿ ಇರುತ್ತೆ. ಮನೆಗೆ ಬಂದ ಮೇಲೆ ಡಿಸ್ಚಾರ್ಜ್ ಬುಕ್ ಇಟ್ಟು ಫಾರಂ 6 ಕೊಟ್ಟು ಊರಿನ ಪಟ್ಟಿಗೆ ಸೇರಬೇಕು, ಎರಡೂ ಕಡೆ ಇರೋ ಹಾಗಿಲ್ಲ. ಪಂಚಾಯ್ತಿ ಪಟ್ಟಿ ತಯಾರಾಗೋದು ವಿಧಾನಸಭಾ ಪಟ್ಟಿಯಿಂದಲೇ. ಅಲ್ಲಿ ಹೆಸರಿಲ್ಲ ಅಂದ್ರೆ ನಾಮಪತ್ರ ಪರಿಶೀಲನೆ ದಿನವೇ ಮನೆಗೆ. ಅಂದ ಹಾಗೆ, ಗ್ರಾಮ ಪಂಚಾಯ್ತಿ ಚುನಾವಣೆಗೆ ಪಾರ್ಟಿ ಚಿಹ್ನೆನೇ ಇಲ್ಲ, 'ಎದುರು ಪಾರ್ಟಿ' ಎಲ್ಲಿಂದ ಬಂತು ಮಾರಾಯ್ರೆ?

ಅಡಿಕೆ ಚೊಗರು: ಚಿಹ್ನೆ ಇಲ್ಲ, ಪಾರ್ಟಿ ಇದೆ. ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ.

ಮೀಸಲಾತಿ ಪಟ್ಟಿನೂ ನೋಡ್ಲಿ. ಮಾಜಿ ಸೈನಿಕರಿಗೆ ಅಂತ ಪ್ರತ್ಯೇಕ ಸ್ಥಾನ ಇಲ್ಲ. ಅವರ ವಾರ್ಡಿನ ಸ್ಥಾನ ಮಹಿಳೆಗೋ ಹಿಂದುಳಿದ ವರ್ಗ 'ಅ'ಗೋ ಹೋಗಿದ್ರೆ ಅದೇ ಪಂಚಾಯ್ತಿಯ ಬೇರೆ ವಾರ್ಡಿಂದ ನಿಲ್ಲಬಹುದು. ನಾಮಪತ್ರಕ್ಕೆ ಸಹಿ ಹಾಕೋ ಸೂಚಕರು ಮಾತ್ರ ಆ ವಾರ್ಡಿನ ಮತದಾರರೇ ಆಗಿರಬೇಕು.

ಎಂಬಿ ಪುಸ್ತಕ: ಪೆನ್ಷನ್ನೂ ಅಲ್ಲ, ವಾರ್ಡೂ ಅಲ್ಲ, ಸಿಕ್ಕಿಬೀಳೋದು ಅಂಗಡಿ ಬಿಲ್ಲಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಪ್ರಕರಣ ಓದಿ. ಪಂಚಾಯ್ತಿ ಕಾಮಗಾರಿಯಲ್ಲೋ ಗುತ್ತಿಗೆಯಲ್ಲೋ ನೇರವಾಗಿ ಅಥವಾ ಪರೋಕ್ಷವಾಗಿ ಹಣದ ಪಾಲು ಇದ್ದವರು ಅನರ್ಹರು. 'ಪರೋಕ್ಷವಾಗಿ' ಅನ್ನೋ ಪದ ಸುಮ್ನೆ ಇಟ್ಟಿದ್ದಲ್ಲ. ಅಂಗಡಿ ಲೈಸೆನ್ಸ್ ಹೆಂಡತಿ ಹೆಸರಿಗೆ, ಜೆಸಿಬಿ ಬಾವನ ಹೆಸರಿಗೆ ಮಾಡಿಸಿ, ಬಾಡಿಗೆ ಮಾತ್ರ ಇವರ ಖಾತೆಗೆ ಬರ್ತಾ ಇದ್ರೆ ಆ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಕು.

ಕಂದಾಯ ಬಾಕಿನೂ ಅಷ್ಟೇ. ವಿಶೇಷ ನೋಟಿಸ್ ಕೊಟ್ಟು ಮೂರು ತಿಂಗಳಾದರೂ ಕಟ್ಟದಿದ್ರೆ ಅದೂ ಅನರ್ಹತೆ. ಅಂಗಡಿ, ಗೋಡೌನ್, ಮನೆ ಮೂರಕ್ಕೂ ರಸೀದಿ ಕೈಲಿರಲಿ. ಗೋಡೌನ್ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಏರಿಲ್ಲ ಅಂದ್ರೆ ಅದನ್ನೂ ಎಳೀತಾರೆ.

ಹುಲಿಕಲ್ ಘಾಟಿ: ಕಾಯ್ದೆ ಸರಿ. ಆದರೆ ಆಷಾಢದಲ್ಲಿ ರಾತ್ರಿ ಹತ್ತು ಗಂಟೆಗೆ ಧರೆ ಕುಸಿದು ರಸ್ತೆ ಬಂದಾದ್ರೆ ಆ ಹೋಬಳಿಗೆ ಸಿಗೋದು ಅದೊಂದೇ ಜೆಸಿಬಿ ಅಂತಿಟ್ಟುಕೊಳ್ಳಿ. ಮೆಂಬರ್ ಆದ ತಪ್ಪಿಗೆ ಅದು ಶೆಡ್ಡಲ್ಲಿ ನಿಲ್ಬೇಕಾ?

ಎಂಬಿ ಪುಸ್ತಕ: ನಿಲ್ಲೋದು ಬೇಡ. ಮಣ್ಣು ತೆಗೀಲಿ, ಪಂಚಾಯ್ತಿಗೆ ಬಿಲ್ ಹಾಕೋದು ಬೇಡ.

ಹುಲಿಕಲ್ ಘಾಟಿ: ಗಂಟೆಗೆ ಐದಾರು ಲೀಟರ್ ಡೀಸೆಲ್, ಮೇಲೆ ಆಪರೇಟರ್ ಬಾಟಾ. ಒಂದು ರಾತ್ರಿಗೆ ಸರಿ, ಇಡೀ ಮಳೆಗಾಲ ಧರ್ಮಕ್ಕೆ ಯಾರು ಓಡಿಸ್ತಾರೆ?

ಜಮಾಬಂದಿ: ತಹಶೀಲ್ದಾರ್ ಆದೇಶದ ಮೇಲೆ ಕಂದಾಯ ಇಲಾಖೆಯಿಂದಲೇ ಬಾಡಿಗೆ ಬಂದ್ರೆ ಅದು ಪಂಚಾಯ್ತಿ ಗುತ್ತಿಗೆ ಅಲ್ಲ. ಅದೇ ಬಿಲ್ ಪಂಚಾಯ್ತಿ ಖಾತೆ ಹಾದು ಬಂತೋ, ಮತ್ತೆ ಅದೇ 12. ಹಾಗಾಗಿ ಆದೇಶದ ಪ್ರತಿ, ಲಾಗ್ ಶೀಟಲ್ಲಿ ಶುರು ಮಾಡಿದ ಮತ್ತು ನಿಲ್ಲಿಸಿದ ಅವರ್ ಮೀಟರ್ ಅಂಕಿ, ಗ್ರಾಮ ಆಡಳಿತಾಧಿಕಾರಿ ಸಹಿ, ಇಷ್ಟು ಇಲ್ದೆ ಕೀಲಿ ತಿರುಗಿಸಬಾರದು.

ಕಾಲುಸಂಕ: ಎಲ್ಲರೂ ಬಿಲ್ಲು ಬಿಲ್ಲು ಅಂತಿದ್ದೀರಿ. ಸ್ಯಾಪರ್ ಅಂದ್ರೆ ಸೇತುವೆ ಕಟ್ಟೋ ದಳದವರು. ನಮ್ಮ ಕಡೆ ಸಂಕದ (ಹಳ್ಳದ ಸಣ್ಣ ಸೇತುವೆ) ಸ್ಲ್ಯಾಬ್ ಮುರಿಯೋದು ಕಡಿಮೆ, ಹೋಗೋದು ಅದನ್ನು ಹೊತ್ತ ಕಟ್ಟೆಯ ಬುಡ. ನೆರೆಗೆ ದಿಮ್ಮಿ ಬಂದು ಸಂಕಕ್ಕೆ ಅಡ್ಡ ಸಿಕ್ಕುತ್ತೆ, ನೀರು ಪಕ್ಕಕ್ಕೆ ತಿರುಗಿ ದಡದ ಮಣ್ಣು ಕೊರೆಯುತ್ತೆ, ವಿಂಗ್ ವಾಲ್ (ದಡದ ಮಣ್ಣು ತಡೆಯೋ ಪಕ್ಕದ ಗೋಡೆ) ಇಲ್ಲದ ಕಟ್ಟೆ ಹಿಂದಿನಿಂದ ಟೊಳ್ಳಾಗಿ ಕೂರುತ್ತೆ. ಮಾರ್ಚ್ ಕೊನೆಗೆ ದುಡ್ಡು ಬಂತು ಅಂತ ಮೇ ತಿಂಗಳಲ್ಲಿ ಗಡಿಬಿಡಿ ಮಾಡಿ, ಬಂಡೆ ಸಿಗೋ ಮುಂಚೆನೇ ಅಡಿಪಾಯ ನಿಲ್ಲಿಸ್ತಾರೆ. ಇದನ್ನು ಗುಂಡಿ ನೋಡಿಯೇ ಹೇಳೋ ಒಬ್ಬ ಮೆಂಬರ್ ಬೇಡವಾ?

ಎಂಬಿ ಪುಸ್ತಕ: ಬೇಕು. ಆದರೆ ಮೆಂಬರ್ ಎಂಬಿ (ಕಾಮಗಾರಿಯ ಅಳತೆ ಪುಸ್ತಕ) ಬರೆಯಲ್ಲ, ಅಳತೆ ಹಿಡಿಯೋದು ಇಂಜಿನಿಯರ್. ಅಲ್ದೆ ದುಡ್ಡೆಷ್ಟು? 2026ರ ಮಾರ್ಚ್‌ವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು. ರಸ್ತೆ, ಸಂಕ ಎಲ್ಲ ಉಳಿದ 40ರಲ್ಲೇ ಆಗ್ಬೇಕಿತ್ತು. ಇನ್ನು ನರೇಗಾ ಅಂದ್ರೆ 2005ರ ಕಾಯ್ದೆಯಲ್ಲಿ ಗುತ್ತಿಗೆದಾರರಿಗೆ ಜಾಗವೇ ಇಟ್ಟಿರಲಿಲ್ಲ, ಕೂಲಿಯವರ ಕೆಲಸ ಕಸಿಯೋ ಯಂತ್ರವೂ ಕೂಡದು ಅಂತಿತ್ತು. ಜೆಸಿಬಿ ಇರೋ ಮೆಂಬರ್‌ಗೆ ಅಲ್ಲೇ ಕಾಲು ಜಾರೋದು. ಇಂಗುಗುಂಡಿ ಯಂತ್ರದಲ್ಲಿ ಮೂರು ಗಂಟೆಗೆ ಮುಗಿಸಿ, ಎನ್‌ಎಂಆರ್‌ನಲ್ಲಿ ಅಂದ್ರೆ ಕೂಲಿಯವರ ಹಾಜರಿ ಪಟ್ಟಿಯಲ್ಲಿ, ಹತ್ತು ಜಾಬ್ ಕಾರ್ಡ್ ಹೆಸರು. ಆದರೆ ಬಕೆಟ್ ಹಲ್ಲಿನ ಗೀರು ಗುಂಡಿ ಗೋಡೆ ಮೇಲೆ ಸಾಲಾಗಿ ಕಾಣುತ್ತೆ, ಸಾಮಾಜಿಕ ಪರಿಶೋಧನೆಯವರಿಗೆ ಅದನ್ನು ಯಾರೂ ತೋರಿಸಿಕೊಡೋದು ಬೇಡ.

ಅಡಿಕೆ ಚೊಗರು: ನಮ್ಮ ಕಡೆ ಪಂಚಾಯ್ತಿಗಳೂ ಸಣ್ಣವು ನೋಡಿ. ಶಿವಮೊಗ್ಗದಂಥ ಮಲೆನಾಡು ಜಿಲ್ಲೆಯಲ್ಲಿ 2,500 ಜನ ಇದ್ರೂ ಒಂದು ಪಂಚಾಯ್ತಿ ಮಾಡಬಹುದು. 400 ಜನಕ್ಕೆ ಒಬ್ಬ ಮೆಂಬರ್ ಅಂದ್ರೆ ಆರೇಳು ಕುರ್ಚಿ. ಅಲ್ಲಿ ಒಂದು ಕೈ ಹೆಚ್ಚಾದ್ರೆ ಠರಾವು ಪಾಸು. ಫೌಜಲ್ಲಿ ಆರ್ಡರ್ ಕೊಟ್ರೆ ಕೆಲಸ ಆಯ್ತು, ಇಲ್ಲಿ ಪಕ್ಕದ ಕೇರಿಯವನ ಕೈನೂ ಎತ್ತಿಸ್ಬೇಕು.

ಕಾಲುಸಂಕ: ಫೌಜಿಗೆ ಬರೀ ಆರ್ಡರ್ ಅಷ್ಟೇ ಗೊತ್ತು ಅನ್ನೋದು ಸಿನಿಮಾ ಮಾತು. ಸ್ಟೋರ್ ಲೆಡ್ಜರ್ ಇಟ್ಟ ಹವಾಲ್ದಾರ್‌ಗೆ ಒಂದು ಚೀಲ ಸಿಮೆಂಟ್ ಕಡಿಮೆ ಆದ್ರೂ ಗೊತ್ತಾಗುತ್ತೆ.

ಜಮಾಬಂದಿ: ಕರಪತ್ರಕ್ಕೆ ಯೂನಿಫಾರ್ಮ್ ಫೋಟೋ ಮಾತ್ರ ಹಾಕೋದು ಬೇಡ. ಸೈನಿಕರ ಚಿತ್ರ ಪ್ರಚಾರಕ್ಕೆ ಬಳಸಬೇಡಿ ಅಂತ ಭಾರತ ಚುನಾವಣಾ ಆಯೋಗ 2013ರಲ್ಲಿ ಹೇಳಿ 2019ರ ಮಾರ್ಚಲ್ಲಿ ಮತ್ತೆ ನೆನಪಿಸಿತ್ತು. ಪಂಚಾಯ್ತಿ ಚುನಾವಣೆ ನಡೆಸೋದು ರಾಜ್ಯ ಆಯೋಗ, ಹಾಗಂತ ದೂರಿಗೆ ದಾರಿ ಮಾಡಿಕೊಡೋದು ಯಾಕೆ? 'ಹವಾಲ್ದಾರ್' ಅಂತ ಹಾಕಿ, ಹೆಸರು ಬರೆದು, ಕೊನೆಗೆ ಆವರಣದಲ್ಲಿ 'ನಿವೃತ್ತ'. ಸಾಕು.

ಶರಾವತಿ ಹಿನ್ನೀರು: ಒಂದು ಬಿಟ್ಟುಹೋಯ್ತು. ಹೋದ ವರ್ಷ ಚರಂಡಿ ಕೆಲಸಕ್ಕೆ ಪಂಚಾಯ್ತಿಗೆ ಇವರೇ ಸಿಮೆಂಟ್ ಕೊಟ್ಟಿದ್ರು. ಬಿಲ್ ಹಣ ಬಂದಿದೆ, ಎಫ್‌ಎಸ್‌ಡಿ ಹಣ (ಬಿಲ್ಲಲ್ಲಿ ಹಿಡಿದಿಟ್ಟ ಭದ್ರತಾ ಠೇವಣಿ) ಇನ್ನೂ ಅಲ್ಲೇ ಇದೆ.

ಎಂಬಿ ಪುಸ್ತಕ: ಇದನ್ನ ಮೊದಲೇ ಹೇಳೋದಲ್ವಾ! ಅದು ಪಂಚಾಯ್ತಿ ಹತ್ರ ಇರೋವರೆಗೆ 'ಗುತ್ತಿಗೆ ಮುಗಿದಿಲ್ಲ' ಅಂತ ಎದುರಾಳಿ ವಕೀಲ ವಾದ ಹೂಡ್ತಾನೆ. ನಾಳೆನೇ ಪಿಡಿಒಗೆ ಅರ್ಜಿ ಕೊಟ್ಟು ಟಪಾಲಲ್ಲಿ ಸೀಲು ಹಾಕಿಸಿಕೊಳ್ಳಲಿ. ದುಡ್ಡು ಖಾತೆಗೆ ಬಂದ ಮೇಲೆ 'ಬಾಕಿ ಏನೂ ಇಲ್ಲ' ಅಂತ ಪತ್ರ ತಗೊಂಡು ನಾಮಪತ್ರದ ಕಡತದಲ್ಲಿ ಇಡಲಿ.

ಹುಲಿಕಲ್ ಘಾಟಿ: ಎಫ್‌ಎಸ್‌ಡಿ ಅಷ್ಟು ಬೇಗ ಬಿಡಿಸಿಕೊಂಡ್ರೆ ನಾನೂ ಅವರಿಗೇ ಓಟು ಹಾಕ್ತೀನಿ.