ಶನಿವಾರದ ಪ್ರಶ್ನೋತ್ತರ: ಹರೆಯದ ಮಕ್ಕಳು, ಅಪ್ಪ ಅಮ್ಮ ಕೇಳಲು ಹಿಂಜರಿಯುವ ಪ್ರಶ್ನೆಗಳು

ಅಡ್ಮಿನ್: ಇವತ್ತು ರಾತ್ರಿ 8ರಿಂದ 10ರ ತನಕ ನಮ್ಮ ಡಾಕ್ಟರಮ್ಮ ಇರುತ್ತಾರೆ. 26 ವರ್ಷದಿಂದ ಹೆರಿಗೆ ಮತ್ತು ಹೆಂಗಸರ ಕಾಯಿಲೆ ನೋಡುತ್ತಿರುವವರು. ಮುಟ್ಟು, ಮೈಯ ಬದಲಾವಣೆ, ಪ್ರೀತಿ, ಅದರಿಂದಾಗುವ ಎಡವಟ್ಟು, ಎಲ್ಲ ಕೇಳಬಹುದು. ಮಕ್ಕಳ ಹೆಸರು, ಶಾಲೆ, ಊರು ಬರೆಯಬೇಡಿ. ಮುಜುಗರ ಇದ್ದವರು ನನಗೆ ಕಳಿಸಿ, ನಾನು ಹಾಕುತ್ತೇನೆ.

ಪುಟ್ಟಿಯಮ್ಮ: ನಮಸ್ತೆ ಡಾಕ್ಟ್ರೇ. ಮಗಳಿಗೆ 13. ದೊಡ್ಡವಳಾಗಿ ಹತ್ತು ತಿಂಗಳಾಯಿತು. ಒಂದು ಸಲ 25 ದಿನಕ್ಕೆ ಆಗುತ್ತದೆ, ಇನ್ನೊಂದು ಸಲ 42 ದಿನಕ್ಕೆ. ನಮ್ಮತ್ತೆ ದಿನಾ ಕ್ಯಾಲೆಂಡರ್ ನೋಡಿ ನನ್ನ ಮುಖ ನೋಡುತ್ತಾರೆ.

ಡಾಕ್ಟರಮ್ಮ: ಮೊದಲ ಎರಡು ಮೂರು ವರ್ಷ 21ರಿಂದ 45 ದಿನದೊಳಗೆ ಯಾವಾಗ ಆದರೂ ಸರಿಯೇ ಎಂದು ಅತ್ತೆಗೆ ಹೇಳಿಬಿಡಿ. ಮೂರು ತಿಂಗಳು ಆಗದೇ ಇದ್ದರೆ, ಏಳು ದಿನಕ್ಕಿಂತ ಜಾಸ್ತಿ ಹೋದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡ್ ನೆನೆದರೆ ತೋರಿಸಿ. ಹಾಗೇ ಯಾವ ಹುಡುಗಿಯೇ ಆಗಲಿ, 15 ತುಂಬಿದರೂ ಮೈನೆರೆಯದಿದ್ದರೆ ತೋರಿಸಬೇಕು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಕಬ್ಬಿಣಾಂಶದ್ದು, ಅದನ್ನು ಕಿಟಕಿಯಿಂದಾಚೆ ಎಸೆಯದೆ ನುಂಗುತ್ತಾಳಾ ಎಂದು ಸ್ವಲ್ಪ ವಿಚಾರಿಸಿ.

ಒಬ್ಬ ತಂದೆ: ಮೇಡಂ, ಮಗನಿಗೆ 15. ಬೆಳಿಗ್ಗೆ ಹಾಸಿಗೆ ಬಟ್ಟೆ ತಾನೇ ಒಗೆದು ಹಾಕುತ್ತಾನೆ. ಕಾರಣ ನನಗೆ ಗೊತ್ತಾಯಿತು. ಆದರೆ ಅವನು ಮಂಕಾಗಿದ್ದಾನೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಧಾತು ನಷ್ಟಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂದು ಬರೆದಿದೆ. ಅವನು ಅಲ್ಲಿ ನಿಂತು ನೋಡಿದ್ದನ್ನು ಕಂಡೆ.

ಡಾಕ್ಟರಮ್ಮ: ಒಳ್ಳೆಯ ಅಪ್ಪ ನೀವು. ಇವತ್ತೇ ಅವನ ಹತ್ತಿರ ಮಾತಾಡಿ. ನಿದ್ದೆಯಲ್ಲಿ ಹಾಗಾಗುವುದು ಆ ವಯಸ್ಸಿನಲ್ಲಿ ಸಹಜ. ಅದರಿಂದ ಶಕ್ತಿ ಹೋಗುವುದಿಲ್ಲ, ನೆನಪು ಕಮ್ಮಿಯಾಗುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲ. ಒಂದು ತೊಟ್ಟು ಧಾತು ಇಷ್ಟು ತೊಟ್ಟು ರಕ್ತಕ್ಕೆ ಸಮ ಎನ್ನುವ ಲೆಕ್ಕವೆಲ್ಲ ಸುಳ್ಳು. ಗೋಡೆಬರಹದವರು ಮಾರುವುದು ಭಯವನ್ನು. ‘ನನಗೂ ಆಗುತ್ತಿತ್ತು ಕಣೋ’ ಎಂದು ನೀವು ಒಂದು ಮಾತು ಹೇಳಿದರೆ ಮುಗಿಯಿತು. ಅದಕ್ಕಿಂತ ದೊಡ್ಡ ಔಷಧಿ ನನ್ನ ಹತ್ತಿರ ಇಲ್ಲ.

ಮಲೆನಾಡ ಸೊಸೆ: ಡಾಕ್ಟ್ರೇ, ಮಗಳಿಗೆ 14. ಪೀರಿಯಡ್ಸ್ 38 ದಿನಕ್ಕೆ ಆಗುತ್ತದೆ. ತೊಂದರೆಯೇ?

ಡಾಕ್ಟರಮ್ಮ: ಮೇಲೆ ಬರೆದಿದ್ದೇನೆ. ಇಲ್ಲ.

ಇಬ್ಬರು ಗಂಡುಮಕ್ಕಳ ಅಮ್ಮ: ಮೇಡಂ, ದೊಡ್ಡವನು 14 ವರ್ಷ, ಎತ್ತರ ಕಮ್ಮಿ. ಪೌಡರ್ ಕೊಡಬಹುದಾ?

ದಿನಸಿ ಅಂಗಡಿ ಅಣ್ಣ: ಗರ್ಭಕೋಶದ ಬಾಯಿಯ ಕ್ಯಾನ್ಸರ್ ಲಸಿಕೆ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಮೆಸೇಜ್ ಬಂದಿದೆ. ಫಾರ್ವರ್ಡ್ ಮಾಡುತ್ತಿದ್ದೇನೆ, ನಿಜವಾ ಹೇಳಿ.

ಡಾಕ್ಟರಮ್ಮ: ಸುಳ್ಳು. ನಿಜವಾ ಎಂದು ಕೇಳುವವರು ಮೊದಲು ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ. ಆ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ. ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಮೈಗೆ ಸೇರುವ ಮೊದಲೇ ಲಸಿಕೆ ಬೀಳಬೇಕು. ಅದಕ್ಕೇ 9ರಿಂದ 14 ವರ್ಷದಲ್ಲಿ ಹಾಕಿಸಿದರೆ ಒಳ್ಳೆಯದು. 2023ರಿಂದ ನಮ್ಮ ದೇಶದ್ದೇ ಸರ್ವಾವ್ಯಾಕ್ ಕೂಡ ಸಿಗುತ್ತದೆ. ‘ನಮ್ಮ ಹುಡುಗಿ ಅಂಥವಳಲ್ಲ, ಅವಳಿಗ್ಯಾಕೆ’ ಎಂದು ದಯವಿಟ್ಟು ಯಾರೂ ಬರೆಯಬೇಡಿ. ಅವಳು ಮುಂದೆ ಮದುವೆಯಾಗುವವನ ಬಗ್ಗೆ ನಿಮಗೆ ಈಗಲೇ ಗೊತ್ತಾ?

ಡಿಗ್ರಿ ಮಗಳ ತಾಯಿ: ಮೇಡಂ, ಕೈ ನಡುಗುತ್ತಿದೆ. ಮಗಳಿಗೆ 19. ಬ್ಯಾಗಿನಲ್ಲಿ ಒಂದೇ ಮಾತ್ರೆಯ ಖಾಲಿ ಪ್ಯಾಕೆಟ್ ಸಿಕ್ಕಿತು. 1.5 ಮಿಲಿಗ್ರಾಂ ಎಂದು ಬರೆದಿದೆ. ಇದು ಬಸುರು ತೆಗೆಯುವ ಮಾತ್ರೆಯಾ? ಅವರಪ್ಪನಿಗೆ ಹೇಳಲಾ?

ಡಾಕ್ಟರಮ್ಮ: ಮೊದಲು ಕುಳಿತು ನೀರು ಕುಡಿಯಿರಿ. ಅದು ಬಸುರು ತೆಗೆಯುವ ಮಾತ್ರೆ ಅಲ್ಲ, ಬಸುರಾಗದಂತೆ ತಡೆಯುವ ತುರ್ತು ಮಾತ್ರೆ. 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಆಗಲೇ ನಿಂತ ಗರ್ಭವನ್ನು ಅದು ಏನೂ ಮಾಡುವುದಿಲ್ಲ. ಮುಂದಿನ ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗಬಹುದು. ಮೂರು ವಾರ ಕಳೆದರೂ ಆಗದಿದ್ದರೆ ಮೂತ್ರದ ಟೆಸ್ಟ್ ಮಾಡಿಸಿ.

ಮಗಳು ದೊಡ್ಡವಳು, ತಡೆಯುವ ಬುದ್ಧಿಯನ್ನೂ ಓಡಿಸಿದ್ದಾಳೆ. ಆದರೆ ಇದು ತಿಂಗಳು ತಿಂಗಳು ನುಂಗುವ ಮಾತ್ರೆಯಲ್ಲ. ಕಾಯಿಲೆ ಅಂಟುವುದನ್ನಂತೂ ತಡೆಯುವುದೇ ಇಲ್ಲ. ಅದಕ್ಕೆ ಕಾಂಡೋಮ್ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. 1968ರಿಂದ ನಿರೋಧ್ ಎಂಬ ಹೆಸರು ಊರೂರಲ್ಲಿ ಗೋಡೆಯ ಮೇಲಿತ್ತು, ನಾವೇ ಓದದವರ ಹಾಗೆ ನಡೆದು ಹೋಗುತ್ತಿದ್ದೆವು. ಅವರಪ್ಪನಿಗೆ ಹೇಳುವ ಮೊದಲು ಮಗಳ ಹತ್ತಿರ ಕೂರಿ. ಮೊದಲ ಮಾತು ‘ಯಾರವನು’ ಎಂದಾಗಬಾರದು. ‘ನಿನಗೆ ಒಪ್ಪಿಗೆ ಇತ್ತಾ, ಯಾರಾದರೂ ಬಲವಂತ ಮಾಡಿದರಾ’ ಎಂದಾಗಬೇಕು. ಉಳಿದದ್ದು ಆಮೇಲೆ.

ನಿವೃತ್ತ ಮೇಷ್ಟ್ರು: ಕ್ಷಮಿಸಿ ಡಾಕ್ಟರೇ, ನೀವು ಪ್ರೋತ್ಸಾಹ ಕೊಟ್ಟ ಹಾಗಾಗಲಿಲ್ಲವೇ?

ಡಾಕ್ಟರಮ್ಮ: ಇಲ್ಲ ಸರ್.

ಅಡ್ಮಿನ್: ಹೆಸರು ಹೇಳದ ಒಬ್ಬರು ಕಳಿಸಿದ್ದು: ‘ಅಕ್ಕನ ಮಗಳು, 17 ವರ್ಷ, ಸೆಕೆಂಡ್ ಪಿಯು, ನಮ್ಮ ಮನೆಯಲ್ಲಿದ್ದು ಓದುತ್ತಾಳೆ. ಮುಟ್ಟು ನಿಂತು ಏಳು ವಾರ ಆಗಿತ್ತಂತೆ. ಆ ಹುಡುಗ ಮೆಡಿಕಲ್ ಶಾಪಿನಿಂದ ಬಸುರು ತೆಗೆಯುವ ಮಾತ್ರೆಯ ಕಿಟ್ ತಂದುಕೊಟ್ಟಿದ್ದಾನೆ. ನುಂಗಿ ಐದು ದಿನ. ರಕ್ತ ಹೋಯಿತು, ಆದ್ದರಿಂದ ಸರಿಹೋಯಿತು ಎಂದುಕೊಂಡಿದ್ದಳು. ಇವತ್ತು ಸಂಜೆಯಿಂದ ಬಲಗಡೆ ಕಿಬ್ಬೊಟ್ಟೆ ನೋವು. ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಹೆಗಲೂ ನೋಯುತ್ತಿದೆ ಎನ್ನುತ್ತಾಳೆ. ಈಗಷ್ಟೇ ನನಗೆ ಹೇಳಿದಳು. ಬೆಳಿಗ್ಗೆ ತನಕ ಕಾಯಬಹುದಾ?’

ಡಾಕ್ಟರಮ್ಮ: ಕಾಯಬೇಡಿ. ಈಗಲೇ 108ಕ್ಕೆ ಕರೆ ಮಾಡಿ. ತಡವಾಗುತ್ತದೆ ಎಂದರೆ ಸಿಕ್ಕಿದ ಗಾಡಿಯಲ್ಲಿ ಹೊರಡಿ. ರಾತ್ರಿ ಆಪರೇಷನ್ ಮಾಡುವ, ರಕ್ತ ಸಿಗುವ ಆಸ್ಪತ್ರೆಗೇ ಹೋಗಿ. ಸಣ್ಣ ಕ್ಲಿನಿಕ್ ಬೇಡ. ಊಟ, ನೀರು, ಕಾಫಿ ಏನೂ ಕೊಡಬೇಡಿ. ಹೋದ ತಕ್ಷಣ ‘ಏಳು ವಾರ, ಕಿಟ್ ನುಂಗಿದ್ದಾಳೆ, ಹೆಗಲು ನೋವಿದೆ’ ಎಂದು ಹೇಳಿ. ಏನನ್ನೂ ಮುಚ್ಚಬೇಡಿ. ಹೊರಟಿದ್ದೇವೆ ಎಂದು ಅಡ್ಮಿನ್‌ಗೆ ಒಂದು ಪದ ಹಾಕಿ.

ಕಷಾಯ ಪ್ರಿಯೆ: ಗ್ಯಾಸ್ಟ್ರಿಕ್ ಕೂಡ ಹೆಗಲಿಗೆ ಹೊಡೆಯುತ್ತದೆ ಮೇಡಂ. ಓಮದ ನೀರು ಕುಡಿಸಿ ನೋಡಲಿ. ಇನ್ನು ಹೊಟ್ಟೆಯಲ್ಲಿ ಉಳಿದಿದ್ದರೆ ಪರಂಗಿಕಾಯಿ, ಕರಿ ಎಳ್ಳು, ಹಳೇ ಬೆಲ್ಲದ ಕಷಾಯ ಮೂರು ದಿನ ಕೊಟ್ಟರೆ ಸ್ವಚ್ಛ ಆಗುತ್ತದೆ. ನಮ್ಮಜ್ಜಿ ಕಾಲದ್ದು.

ಡಾಕ್ಟರಮ್ಮ: ಅಡ್ಮಿನ್, ದಯವಿಟ್ಟು ಅದನ್ನು ಅಳಿಸಿ. ಓಮದ ನೀರು ಕುಡಿಸಿ ಕಾಯುತ್ತಾ ಕೂತರೆ ಆ ಹುಡುಗಿ ಬೆಳಗಾಗುವುದರೊಳಗೆ ಉಳಿಯದೇ ಹೋಗಬಹುದು. ನಿಮ್ಮಜ್ಜಿ ಕಾಲದಲ್ಲಿ ಹಾಗೆ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ ಅಷ್ಟೇ.

ಕಷಾಯ ಪ್ರಿಯೆ: ಇಷ್ಟು ಒರಟಾಗಿ ಮಾತಾಡಬೇಕಾ? ನಾನು ಒಳ್ಳೆಯದಕ್ಕೇ ಹೇಳಿದ್ದು.

ಅಡ್ಮಿನ್: ಹೊರಟಿದ್ದಾರೆ. ದಾರಿಯಲ್ಲಿದ್ದಾರೆ. ‘ಪೊಲೀಸ್ ಕೇಸ್ ಆಗುತ್ತಾ, ವಯಸ್ಸು 19 ಎಂದು ಬರೆಸಲಾ’ ಎಂದು ಕೇಳುತ್ತಿದ್ದಾರೆ.

ಡಾಕ್ಟರಮ್ಮ: ವಯಸ್ಸು ಸುಳ್ಳು ಹೇಳಬಾರದು. ನಿಜ ಏನೆಂದರೆ, 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಗೊತ್ತಾದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ನನಗೂ ಬೇರೆ ದಾರಿಯಿಲ್ಲ. ಆದರೆ ತುರ್ತು ಚಿಕಿತ್ಸೆಗೆ ಮೊದಲು ಪೊಲೀಸ್ ಕಾಗದ ತನ್ನಿ ಎಂದು ಯಾವ ಆಸ್ಪತ್ರೆಯೂ ಕೇಳುವ ಹಾಗಿಲ್ಲ. ಗರ್ಭಪಾತದ ವಿಷಯದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಅಲ್ಲಿನ ಡಾಕ್ಟರಿಗೆ ನೆನಪು ಮಾಡಿ. ಅವಳ ಅಪ್ಪ ಅಮ್ಮನಿಗೆ ಫೋನ್ ಮಾಡಿ, ಸಹಿ ಬೇಕಾಗುತ್ತದೆ. ಬೈಗುಳ ಎಲ್ಲ ಆಪರೇಷನ್ ಆದ ಮೇಲೆ ಇಟ್ಟುಕೊಳ್ಳಲಿ.

ಉಳಿದವರಿಗೆ, ನಾನು ಯಾಕೆ ಹೆದರಿದೆ ಎಂದು ಹೇಳುತ್ತೇನೆ. ಕೆಲವು ಸಲ ಗರ್ಭ ಗರ್ಭಕೋಶಕ್ಕೆ ಬರದೆ ನಳಿಕೆಯಲ್ಲೇ ಕೂತುಬಿಡುತ್ತದೆ. ಆ ನಳಿಕೆ ಪೆನ್ ರೀಫಿಲ್ಲಿನಷ್ಟು ಸಣ್ಣದು, ಬೆಳೆಯುವುದಕ್ಕೆ ಜಾಗ ಇಲ್ಲ. ಆರೆಂಟು ವಾರದ ಹೊತ್ತಿಗೆ ಒಡೆಯಬಹುದು. ಮಾತ್ರೆ ನುಂಗಿದಾಗ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತದೆ. ಕೆಲಸ ಆಯಿತು ಎಂದು ಹುಡುಗಿ ನೆಮ್ಮದಿಯಾಗಿರುತ್ತಾಳೆ. ನಳಿಕೆಯಲ್ಲಿರುವುದು ಅಲ್ಲೇ ಇರುತ್ತದೆ, ಆ ಮಾತ್ರೆ ಅದಕ್ಕೆ ನಾಟುವುದಿಲ್ಲ. ಒಡೆದರೆ ರಕ್ತ ಹೊರಗೆ ಬರುವುದಿಲ್ಲ, ಹೊಟ್ಟೆಯೊಳಗೆ ತುಂಬುತ್ತದೆ. ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ತಾಗಿದಾಗ ನೋವು ಹೆಗಲಲ್ಲಿ ಕಾಣಿಸುತ್ತದೆ. ಪ್ಯಾಡಿನಲ್ಲಿ ಸ್ವಲ್ಪವೇ ರಕ್ತ, ಆದರೆ ಹುಡುಗಿ ಬೆಳ್ಳಗಾಗಿದ್ದಾಳೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ನನ್ನ ಕೈ ತಣ್ಣಗಾಗುತ್ತದೆ.

ಅದಕ್ಕೇ ಸ್ಕ್ಯಾನಿಂಗ್ ಇಲ್ಲದೆ ಆ ಕಿಟ್ ಮುಟ್ಟಬಾರದು. ಕಾನೂನಿನಲ್ಲಿ ಒಂಬತ್ತು ವಾರದ ತನಕ, ಡಾಕ್ಟರ ಕೈಕೆಳಗೆ ಮಾತ್ರ. ಚೀಟಿ ಇಲ್ಲದೆ ಮಾರುವುದೇ ತಪ್ಪು. ಹೆದರಿ ಕಳ್ಳದಾರಿ ಹಿಡಿಯಬೇಕಾಗಿಲ್ಲ ಎಂಬುದು ಈ ಮಕ್ಕಳಿಗೆ ಗೊತ್ತೇ ಇಲ್ಲ. ಗರ್ಭಪಾತಕ್ಕೆ ಕಾನೂನು ಇದೆ. 18ರೊಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. 2021ರ ತಿದ್ದುಪಡಿಯಾದ ಮೇಲೆ ಇಂಥವರಿಗೆ 24 ವಾರದ ತನಕ ಅವಕಾಶವಿದೆ. ಆದರೆ ಬೇಗ ಬಂದಷ್ಟೂ ಅಪಾಯ ಕಮ್ಮಿ. ಹೇಳಿದರೆ ಹೊಡೆಯುತ್ತಾರೆ ಎಂದು ಗೊತ್ತಿದ್ದರೆ ಯಾವ ಮಗು ಬೇಗ ಬರುತ್ತದೆ?

ನಿವೃತ್ತ ಮೇಷ್ಟ್ರು: ಎಲ್ಲ ಮೊಬೈಲಿನ ಪ್ರಭಾವ. ಕೈಗೆ ಮೊಬೈಲ್ ಕೊಟ್ಟು, ಮೇಲಿಂದ ಲೈಂಗಿಕ ಶಿಕ್ಷಣವೂ ಬೇಕಂತೆ. 2007ರಲ್ಲಿ ನಮ್ಮ ಸರ್ಕಾರ ಅದನ್ನು ಬೇಡ ಎಂದದ್ದೇ ಸರಿ.

ಹೈಸ್ಕೂಲ್ ಟೀಚರ್: ಬೇಡ ಎಂದು ಏನು ಸಿಕ್ಕಿತು ಸರ್? ಹತ್ತನೇ ತರಗತಿ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಎಷ್ಟೋ ಕಡೆ ಹೂವಿನ ಭಾಗ ಪಾಠ ಮಾಡಿ, ಮನುಷ್ಯರ ಭಾಗ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎನ್ನುತ್ತಾರೆ. ನಾನು ಸೇರಿದ ಹೊಸತರಲ್ಲಿ ನಾನೂ ಹಾಗೇ ಮಾಡಿದ್ದೆ.

ನಿವೃತ್ತ ಮೇಷ್ಟ್ರು: ನಾನು 34 ವರ್ಷ ಪಾಠ ಮಾಡಿದ್ದೇನೆ. ನಮ್ಮ ಮಕ್ಕಳು ಒಬ್ಬರೂ ದಾರಿ ತಪ್ಪಲಿಲ್ಲ.

ಹೈಸ್ಕೂಲ್ ಟೀಚರ್: ತಪ್ಪಿದವರು ನಿಮಗೆ ಬಂದು ಹೇಳುತ್ತಿದ್ದರಾ?

ದಿನಸಿ ಅಂಗಡಿ ಅಣ್ಣ: ಆ ಮೆಡಿಕಲ್ ಶಾಪಿನವನನ್ನು ಒಳಗೆ ಹಾಕಬೇಕು. ಹುಡುಗನನ್ನೂ ಸೇರಿಸಿ.

ಒಬ್ಬ ತಂದೆ: ಹುಡುಗನಿಗೂ 17 ಇದ್ದರೆ? ಅವನಿಗೂ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ ಅಲ್ವಾ? ನನ್ನ ಮಗನಿಗೆ ನಾನೇ ಇವತ್ತಿನ ತನಕ ಹೇಳಿರಲಿಲ್ಲ.

ನಿವೃತ್ತ ಮೇಷ್ಟ್ರು: ಇದು ಪ್ರಶ್ನೋತ್ತರವೋ ನನ್ನ ಮೇಲಿನ ವಿಚಾರಣೆಯೋ? ಹೆಣ್ಣುಮಕ್ಕಳೂ ಇರುವ ಗುಂಪಿನಲ್ಲಿ ಮಾತು ಎಲ್ಲಿಗೆ ಹೋಗುತ್ತಿದೆ ನೋಡಿ.

ಡಾಕ್ಟರಮ್ಮ: ಹೆಣ್ಣುಮಕ್ಕಳಿಗಾಗಿಯೇ ಈ ಮಾತು ಸರ್. ನೀವಿಬ್ಬರೂ ಬೇರೆ ಕಡೆ ಜಗಳ ಮುಂದುವರಿಸಿ.

ಹೊಸ ಸದಸ್ಯೆ: ಹಾಯ್ ಮೇಡಂ. ಮಗಳ ಪೀರಿಯಡ್ಸ್ 35 ದಿನಕ್ಕೆ ಬರುತ್ತಿದೆ, ಏನು ಮಾಡಲಿ?

ಡಾಕ್ಟರಮ್ಮ: ಮೇಲೆ ಓದಿ.

ಪುಟ್ಟಿಯಮ್ಮ: ಮೇಡಂ, ಹರೆಯದ ಮಕ್ಕಳು ಅಪ್ಪ ಅಮ್ಮನಿಗೆ ಹೇಳಲಾಗದ್ದನ್ನು ಎಲ್ಲಿ ಕೇಳಬಹುದು?

ಡಾಕ್ಟರಮ್ಮ: ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇರುತ್ತದೆ, 10ರಿಂದ 19 ವರ್ಷದವರಿಗೆ. ಬಲವಂತ, ಹಿಂಸೆ ಇದ್ದರೆ 1098. ಮನಸ್ಸಿಗೆ ತುಂಬಾ ಕಷ್ಟವಾದರೆ ಟೆಲಿ ಮಾನಸ್, 14416. ಫ್ರಿಜ್ ಬಾಗಿಲಿಗೆ ಅಂಟಿಸಿ. ಸುಮ್ನೆ ಅಂಟಿಸಿ, ಭಾಷಣ ಬೇಡ.

ಕಷಾಯ ಪ್ರಿಯೆ: ನನ್ನ ಮೆಸೇಜ್ ಯಾಕೆ ಅಳಿಸಿದಿರಿ? ಆಯುರ್ವೇದಕ್ಕೆ ಅವಮಾನ ಇದು.

ಡಾಕ್ಟರಮ್ಮ: ಒಳಗೆ ರಕ್ತ ಹೋಗುತ್ತಿದ್ದರೆ ಒಳ್ಳೆಯ ಆಯುರ್ವೇದ ವೈದ್ಯರೂ ಆಪರೇಷನ್ನಿಗೇ ಕಳಿಸುತ್ತಾರೆ. ನೀವು ವೈದ್ಯರಲ್ಲ. 10:20 ಆಯಿತು, ಹೊರಡುತ್ತೇನೆ. ಅಡ್ಮಿನ್, ಆ ಹುಡುಗಿಯ ಸುದ್ದಿ ಬಂದರೆ ಎಷ್ಟು ಹೊತ್ತಾದರೂ ಫೋನ್ ಮಾಡಿ.

ಇಬ್ಬರು ಗಂಡುಮಕ್ಕಳ ಅಮ್ಮ: ಮೇಡಂ, ಹೋಗುವ ಮೊದಲು ಎತ್ತರದ ಪೌಡರ್ ಬಗ್ಗೆ ಒಂದು ಮಾತು.

(ಭಾನುವಾರ, ಬೆಳಿಗ್ಗೆ 7:10)

ಅಡ್ಮಿನ್: ಚಿಕ್ಕಮ್ಮ ಕಳಿಸಿದ್ದು: ‘ರಾತ್ರಿ 11:30ಕ್ಕೆ ಆಪರೇಷನ್ ಆಯಿತು. ನಳಿಕೆ ಒಡೆದಿತ್ತು. ಮೂರು ಬಾಟಲಿ ರಕ್ತ ಕೊಟ್ಟರು. ಎಚ್ಚರ ಇದ್ದಾಳೆ. ಅಕ್ಕ ಭಾವ ಬೆಳಗಿನ ಬಸ್ಸಿಗೆ ಬಂದರು. ಭಾವ ಒಂದು ಮಾತೂ ಆಡಲಿಲ್ಲ, ಅವಳ ಕಾಲು ಒತ್ತುತ್ತಾ ಕೂತಿದ್ದಾರೆ.’

ಡಾಕ್ಟರಮ್ಮ: ಸರಿ. ಇನ್ನೊಂದು ನಳಿಕೆ ಚೆನ್ನಾಗಿದ್ದರೆ ಮುಂದೆ ಮಕ್ಕಳಾಗುತ್ತದೆ ಎಂದು ಅವಳ ಕಿವಿಗೆ ಬೀಳುವ ಹಾಗೆ ಹೇಳಿ. ಅವಳ ರಕ್ತದ ಗುಂಪು ನೆಗೆಟಿವ್ ಇದ್ದರೆ ಮುಂದಿನ ಬಸುರಿಗೆ ತೊಂದರೆಯಾಗದ ಹಾಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು, ಡಿಸ್ಚಾರ್ಜ್ ಆಗುವ ಮೊದಲು ಕೇಳಿ.

ನಿವೃತ್ತ ಮೇಷ್ಟ್ರು: ಮಗು ಉಳಿಯಿತಲ್ಲ. ನನ್ನದು ಓ ನೆಗೆಟಿವ್, ಬೇಕಿದ್ದರೆ ಬರುತ್ತೇನೆ.

ಮಲೆನಾಡ ಸೊಸೆ: ಡಾಕ್ಟ್ರೇ, ಕರಿ ಎಳ್ಳು ಎಷ್ಟು ಚಮಚ ಹಾಕಬೇಕು ಎಂದಿದ್ದರು? ಮೆಸೇಜ್ ಕಾಣುತ್ತಿಲ್ಲ.