‘ಕಾರ್ಟೆಲ್’ಗೆ ಮಂಡಿಯಲ್ಲಿ ಏನಂತಾರೆ?

ಗೆಳೆಯರೇ,

ಚಿಕ್ಕಬಳ್ಳಾಪುರದಲ್ಲಿ ಕಾನೂನು ಓದುವ ಹುಡುಗರಿಗಾಗಿ 2002ರ ಸ್ಪರ್ಧಾ ಕಾಯ್ದೆಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಪೈಪೋಟಿ ಮಾಡಬೇಕಾದ ವ್ಯಾಪಾರಿಗಳೇ ಒಳಗೊಳಗೇ ಕೈಜೋಡಿಸಿದ ಗುಂಪು, ಅಂದರೆ ‘ಕಾರ್ಟೆಲ್’ಗೆ ಯಾವ ಪದ ಬಳಸಲಿ?

‘ಏಕಸ್ವಾಮ್ಯ’ ಸುತರಾಂ ಆಗದು. ಅಲ್ಲಿ ಇರುವವನು ಒಬ್ಬನೇ. ಕಾರ್ಟೆಲ್‌ನಲ್ಲಿ ಹಲವರು, ಅದೂ ಹೊರಗೆ ಪೈಪೋಟಿ ತೋರಿಸುವವರು. ‘ಕೂಟ’ ಅಂದರೆ ಸಂತೋಷಕೂಟ ನೆನಪಾಗುತ್ತದೆ. ‘ಒಕ್ಕೂಟ’ ಅಂದರೆ ನಮ್ಮ ಕಡೆ ಹಾಲಿನ ದುಡ್ಡು ಕೊಡುವವರು; ಪಾಪ, ಅವರನ್ನು ಎಳೆಯುವುದು ಬೇಡ. ‘ಬೆಲೆಕೂಟ’ ಕಿವಿಗೆ ಚೆನ್ನಾಗಿದೆ, ಆದರೆ ಸಾಲದು. ಕಾಯ್ದೆಯ 3ನೇ ಸೆಕ್ಷನ್ ಬೆಲೆಗಷ್ಟೇ ನಿಲ್ಲುವುದಿಲ್ಲ. ಉತ್ಪಾದನೆ ಬೇಕೆಂದೇ ಇಳಿಸುವುದು, ಮಾರುಕಟ್ಟೆಯನ್ನು ಹಂಚಿಕೊಳ್ಳುವುದು, ಟೆಂಡರಿನಲ್ಲಿ ಒಳಗೊಳಗೇ ಸರದಿ ಹಾಕಿಕೊಳ್ಳುವುದು ಎಲ್ಲಕ್ಕೂ ಅದು ತಗಲುತ್ತದೆ. ಬೆಲೆಯಲ್ಲೂ ಮಾರುವ ಬೆಲೆ ಮಾತ್ರವಲ್ಲ, ಕೊಳ್ಳುವ ಬೆಲೆಯೂ ಸೇರಿದೆ.

ಈ ಕೊಳ್ಳುವ ಬೆಲೆ ನಮ್ಮ ಜಿಲ್ಲೆಗೆ ಬೇಕಾದದ್ದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಹರಾಜಾಗುತ್ತದಲ್ವಾ? ಸುಮ್ನೆ ಉದಾಹರಣೆಗೆ ಹೇಳುತ್ತೇನೆ, ಯಾರ ಮೇಲೂ ದೂರಲ್ಲ. ಒಂದು ಲಾಟಿಗೆ ಇಷ್ಟರ ಮೇಲೆ ಯಾರೂ ಹೋಗಬಾರದು ಅಂತ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಮೊದಲೇ ತೀರ್ಮಾನಿಸಿದರು ಅನ್ನಿ. ರೈತರು ‘ಎಲ್ಲಾ ಮಾತಾಡ್ಕೊಂಡವ್ರೆ’ ಅಂತಾರೆ. ಇದು ಕಾನೂನಿಗೆ ಎಷ್ಟು ಹತ್ತಿರ ನೋಡಿ! ಕಾಯ್ದೆಯ ಪ್ರಕಾರ ಒಪ್ಪಂದ ಬರಹದಲ್ಲಿ ಇರಬೇಕಿಲ್ಲ. ಒಳಗೆ ಒಂದು ತಿಳಿವಳಿಕೆ ಇದ್ದು, ಕೂಡಿ ನಡೆದರೂ ಸಾಕು. ಆದರೆ ಮಾತಾಡಿಕೊಳ್ಳದೆ, ಒಬ್ಬರನ್ನೊಬ್ಬರು ನೋಡಿಕೊಂಡೇ ಎಲ್ಲರೂ ಒಂದೇ ಬೆಲೆಗೆ ಬಂದರೆ? ಅಷ್ಟಕ್ಕೇ ಅದು ಕಾರ್ಟೆಲ್ ಆಗುವುದಿಲ್ಲ. ವಕೀಲರೂ ಅರ್ಥಶಾಸ್ತ್ರದವರೂ ಜಾಸ್ತಿ ಕಿತ್ತಾಡುವುದು ಇಲ್ಲೇ. ಸಿಮೆಂಟ್ ಕಂಪನಿಗಳ ಮೇಲೆ ಸ್ಪರ್ಧಾ ಆಯೋಗ 2012ರಲ್ಲಿ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿದಾಗಲೂ ವಾದ ಇದೇ ಆಗಿತ್ತು.

ಹಾಗಾಗಿ ಪದದಲ್ಲಿ ಆ ‘ಮಾತಾಡಿಕೊಂಡದ್ದು’ ಕಾಣಬೇಕು ಅನ್ನುವುದು ನನ್ನ ಹಟ. ‘ಶಾಮೀಲು’ ಹತ್ತಿರ ಬರುತ್ತದೆ. ಆದರೆ ಪತ್ರಿಕೆಗಳಲ್ಲಿ ‘ಅಧಿಕಾರಿಗಳೂ ಶಾಮೀಲು’ ಅಂತ ಓದಿ ಓದಿ ಅದಕ್ಕೆ ಲಂಚದ ವಾಸನೆ ಹತ್ತಿದೆ. ಕಾರ್ಟೆಲ್‌ಗೆ ಅಧಿಕಾರಿ ಬೇಕಾಗಿಯೇ ಇಲ್ಲ. ‘ಒಳಒಪ್ಪಂದ’ ಸದ್ಯಕ್ಕೆ ನನ್ನ ಆಯ್ಕೆ. ಕೃತ್ಯಕ್ಕೆ ಅದು ಒಗ್ಗುತ್ತದೆ, ಆ ಗುಂಪಿಗೆ ಒಗ್ಗುವುದಿಲ್ಲ. 46ನೇ ಸೆಕ್ಷನ್‌ನಲ್ಲಿ, ಗುಂಪಿನೊಳಗಿನವರೇ ಬಂದು ಗುಟ್ಟು ಬಿಚ್ಚಿಟ್ಟರೆ ದಂಡ ಇಳಿಸುವ ಅವಕಾಶವಿದೆ. ಅಲ್ಲಿ ಗುಂಪಿಗೊಂದು ಹೆಸರು ಬೇಕೇ ಬೇಕು.

ಕೋಲಾರದ ಟೊಮೇಟೊ ಮಂಡಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಬಲ್ಲವರು ಇದ್ದೀರಿ. ಅಲ್ಲಿ ಇಂಥ ಗುಂಪಿಗೆ ಏನಂತಾರೆ? ನಿಘಂಟಿನ ಪದ ಬೇಡ, ಬಾಯಲ್ಲಿ ಇರುವುದನ್ನು ತಿಳಿಸಿ.