ಬಿಡಿಭಾಗ, ಮೀಸಲು ಭಾಗ, ‘ಕೆಟ್ಟು ನಿಲ್ಲುವುದು’

ಮಾನ್ಯರೇ,

ಯಂತ್ರಗಳ ನಿರ್ವಹಣೆಯನ್ನು ಕುರಿತು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಯಂತ್ರದ ಬಳಿ ನಿಂತು ಕೆಲಸ ಮಾಡುವವರೇ ಅದರ ಓದುಗರು. ದಾಸ್ತಾನಿನ ಅಧ್ಯಾಯದಲ್ಲಿ ಎರಡು ಕಡೆ ತೊಡಕಾಗಿದೆ.

ಮೊದಲನೆಯದು ‘ಬಿಡಿಭಾಗ’. ಸ್ಪೇರ್ ಎಂಬುದಕ್ಕೆ ಪತ್ರಿಕೆಗಳು ಬಳಸುವುದು ಇದನ್ನೇ. ಆದರೆ ಪಂಪಿನೊಳಗೆ ತಿರುಗುತ್ತಿರುವ 6205 ಸಂಖ್ಯೆಯ ಬೇರಿಂಗ್ ಕೂಡ ಬಿಡಿಭಾಗ, ಉಗ್ರಾಣದ ಕಪಾಟಿನಲ್ಲಿ ಪೊಟ್ಟಣ ಒಡೆಯದೆ ಕುಳಿತಿರುವ ಅದೇ 25 ಮಿ.ಮೀ. ಒಳವ್ಯಾಸದ ಇನ್ನೊಂದು ಬೇರಿಂಗ್ ಕೂಡ ಬಿಡಿಭಾಗ. ‘ಬಿಡಿಭಾಗವನ್ನು ಆಗಾಗ ಪರೀಕ್ಷಿಸಿ’ ಎಂದು ಬರೆದರೆ ಯಂತ್ರ ಬಿಚ್ಚಬೇಕೋ, ಕಪಾಟು ತೆರೆಯಬೇಕೋ? ‘ಬಿಡಿ’ಯಲ್ಲಿ ಇಡಿಯಲ್ಲದ್ದು ಎಂಬ ಅರ್ಥವಿದೆ, ಕಾದಿರಿಸಿದ್ದು ಎಂಬ ಅರ್ಥವಿಲ್ಲ. ‘ಬದಲಿ ಭಾಗ’ ಎಂದರೆ ಬೇರೆ ತಯಾರಕರ ಸಮಾನ ವಸ್ತು ಎಂದು ತಿಳಿಯುವವರಿದ್ದಾರೆ. ನನ್ನ ಒಲವು ‘ಮೀಸಲು ಭಾಗ’ದ ಕಡೆಗಿದೆ. ಆದರೆ ತಿಂಗಳುಗಳಲ್ಲಿ ಸವೆದುಹೋಗುವ ಬೆಲ್ಟು, ಫಿಲ್ಟರುಗಳಿಗೆ ಅದು ಒಪ್ಪುವುದಿಲ್ಲ. ಅವು ಬರುತ್ತವೆ, ಖರ್ಚಾಗುತ್ತವೆ. ವರ್ಷಗಟ್ಟಲೆ ಮುಟ್ಟದೆ ಇಡುವ ಗೇರ್‌ಬಾಕ್ಸ್‌ನಂಥದ್ದಕ್ಕೆ, ಅಂದರೆ ಕೆಟ್ಟರೆ ಇಡೀ ಘಟಕವೇ ನಿಲ್ಲುವ ಮತ್ತು ತರಿಸಲು ತಿಂಗಳುಗಳು ಬೇಕಾಗುವ ಭಾಗಕ್ಕೆ ಮಾತ್ರ ‘ಮೀಸಲು’ ಉಳಿಸಿಕೊಂಡರೆ ಹೇಗೆ?

ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ. ಕರಡಿನಲ್ಲಿ ‘ದಾಸ್ತಾನು ಇಟ್ಟರೆ ಯಂತ್ರ ಕೆಡುವ ಅಪಾಯ ತಗ್ಗುತ್ತದೆ’ ಎಂಬ ವಾಕ್ಯವಿದೆ. ಇದು ನಿಜವಲ್ಲ. ಕಪಾಟಿನಲ್ಲಿರುವ ಬೇರಿಂಗ್ ಪಂಪಿನಲ್ಲಿರುವ ಬೇರಿಂಗನ್ನು ಕಾಯಲಾರದು. ಕೆಡುವುದನ್ನು ತಡೆಯುವುದು ಗ್ರೀಸು, ಸರಿಯಾದ ಜೋಡಣೆ, ಸದ್ದು ಮತ್ತು ಕಂಪನದ ಮೇಲಿನ ನಿಗಾ. ದಾಸ್ತಾನು ತಗ್ಗಿಸುವುದು ಕೆಟ್ಟ ಮೇಲೆ ಸುಮ್ಮನೆ ನಿಲ್ಲುವ ಹೊತ್ತನ್ನು, ಅದರಿಂದಾಗುವ ನಷ್ಟವನ್ನು. ‘ಕೆಟ್ಟು ನಿಂತಿದೆ’ ಎನ್ನುವಾಗ ನಾವು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ನಿರ್ವಹಣೆಯವರಿಗೆ ಅವು ಬೇರೆಬೇರೆ ಕೆಲಸಗಳು. ಈ ವ್ಯತ್ಯಾಸ ಮಸುಕಾದರೆ ಉಗ್ರಾಣ ತುಂಬಿದೆ ಎಂಬ ಧೈರ್ಯದಲ್ಲಿ ಗ್ರೀಸು ಹಾಕುವುದನ್ನೇ ಮರೆಯುತ್ತಾರೆ. ಹಾಗಾಗಿ ‘ಯಂತ್ರ ಕೆಟ್ಟಾಗ ನಿಲ್ಲುವ ಅವಧಿ ಕಡಿಮೆಯಾಗುತ್ತದೆ’ ಎಂದು ತಿದ್ದಿದ್ದೇನೆ. ಉದ್ದವಾಯಿತು, ಆದರೆ ಅರ್ಥ ಕೆಡಲಿಲ್ಲ.

ಅಂದಹಾಗೆ, ದಾಸ್ತಾನಿನಲ್ಲಿರುವ ವಸ್ತುವೂ ಇದ್ದಲ್ಲೇ ಕೆಡುತ್ತದೆ. ಬೆಳಕು, ಓಝೋನ್ ತಗುಲಿದ ನೈಟ್ರೈಲ್ ರಬ್ಬರಿನ ಓ-ರಿಂಗ್ (ಸೋರಿಕೆ ತಡೆಯುವ ಉಂಗುರ) ಬಿರುಕು ಬಿಡುತ್ತದೆ. ಕಂಪಿಸುವ ನೆಲದ ಮೇಲೆ ಇಟ್ಟ ಮೋಟಾರಿನ ದಂಡವನ್ನು (ಶಾಫ್ಟ್) ಆಗಾಗ ಕೈಯಿಂದ ತಿರುಗಿಸದಿದ್ದರೆ ಬೇರಿಂಗಿನ ಹಾದಿಯಲ್ಲಿ ಗುಂಡುಗಳ ಗುರುತು ಬೀಳುತ್ತದೆ. ಇದಕ್ಕೆ ‘ಕೆಡು’ ಸಾಕು, ಹೊಸ ಪದ ಬೇಡ.

ಕೊನೆಯದಾಗಿ, ಯಂತ್ರ ನಿಂತಿರುವ ಆ ಹೊತ್ತಿಗೆ ಒಂದು ನಾಮಪದ ಬೇಕು. ‘ನಿಲುಗಡೆ’ ಎಂದರೆ ಬಸ್ಸು ಕಣ್ಣಿಗೆ ಬರುತ್ತದೆ, ‘ಸ್ಥಗಿತಾವಧಿ’ ಕಾರ್ಮಿಕರ ಬಾಯಲ್ಲಿ ನಿಲ್ಲುವುದಿಲ್ಲ. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಇದನ್ನು ಏನೆನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.